ಅಳತೆಯೂ ನ್ಯಾಯವೂ

ವಿದ್ಯೆಯನ್ನು ಅರಸಿಕೊಂಡು ಹೊರನಾಡಿಗೆ ಹೋಗುವುದು ಮಲೆನಾಡಿನವರಿಗೆ ಹೊಸ ಸಂಗತಿಯಲ್ಲ. ಹಿಂದಿನ ಕಾಲದಲ್ಲಿ ಶಾಸ್ತ್ರಾಭ್ಯಾಸಕ್ಕೆಂದು ಕಾಶಿಗೆ ನಡೆದುಹೋದವರಿದ್ದರು. ಆಮೇಲೆ ಇಂಗ್ಲಿಷ್ ವಿದ್ಯೆಗಾಗಿ ಶಿವಮೊಗ್ಗೆ ಮೈಸೂರುಗಳನ್ನು ಸೇರಿದವರಾದರು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟದ ಮನೆಗಳಲ್ಲಿ ಹುಟ್ಟಿದ ತರುಣ ತರುಣಿಯರು ಸಮುದ್ರವನ್ನು ದಾಟಿ ಹೋಗುವ ಕಾಲ. ಬೇಸಾಯಗಾರನ ಮಗನು ಬೇಸಾಯವನ್ನು ಕಲಿಯುವುದಕ್ಕೆ ಭೂಮಂಡಲದ ಆಚೆಯ ಬದಿಗೆ ಹೋಗಬೇಕೇ ಎಂದು ಜಗಲಿಯ ಮೇಲೆ ಕುಳಿತ ಹಿರಿಯರು ನಗುವುದುಂಟು. ಆ ನಗೆಯನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ಆದರೆ ಅದರ ಒಳಗೆ ಒಂದು ಪ್ರಶ್ನೆ ಅಡಗಿದೆ. ಅದು ಬೇಸಾಯಕ್ಕೆ ಸೇರಿದಷ್ಟೇ ಧರ್ಮವಿಚಾರಕ್ಕೂ ಸೇರಿದ ಪ್ರಶ್ನೆ.

ಈಗ ಪರದೇಶಗಳಲ್ಲಿ ಕಲಿಸುವ ಬೇಸಾಯ ವಿದ್ಯೆಗಳಲ್ಲಿ ಬಹಳ ಹೆಸರಾಗಿರುವುದು ನಿಖರ ಕೃಷಿ. ಅದರ ಮೂಲತತ್ತ್ವವು ಸರಳವಾದದ್ದು. ಒಂದು ಹೊಲದೊಳಗೆ ಹತ್ತು ಬಗೆಯ ಮಣ್ಣಿರುತ್ತದೆ. ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಮತ್ತೊಂದು ಮೂಲೆ ಒಣಗುತ್ತದೆ. ಹೀಗಿರುವಾಗ ಇಡೀ ಹೊಲಕ್ಕೆ ಒಂದೇ ಸಮನಾಗಿ ಗೊಬ್ಬರವನ್ನೂ ಔಷಧವನ್ನೂ ನೀರನ್ನೂ ಕೊಡುವುದು ಒಂದು ಕಡೆ ದುಂದು, ಇನ್ನೊಂದು ಕಡೆ ಕೊರತೆ. ಆದುದರಿಂದ ಹೊಲವನ್ನು ಸಣ್ಣ ಸಣ್ಣ ತುಂಡುಗಳಾಗಿ ಎಣಿಸಿ, ಪ್ರತಿಯೊಂದರ ಗುಣವನ್ನು ಅಳೆದು, ಎಲ್ಲಿಗೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಕೊಡಬೇಕು ಎಂಬುದೇ ಈ ಶಾಸ್ತ್ರದ ಸೂತ್ರ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1992ರಲ್ಲಿ ಈ ವಿಷಯವನ್ನು ಕುರಿತು ಶಾಸ್ತ್ರಜ್ಞರ ಸಮ್ಮೇಳನವೊಂದು ಕೂಡಿತು. 2000ನೆಯ ಇಸವಿಯ ಮೇ ತಿಂಗಳಲ್ಲಿ ಆ ದೇಶದ ಸರ್ಕಾರವು ಜಿ.ಪಿ.ಎಸ್. ಎಂಬ ಉಪಗ್ರಹ ವ್ಯವಸ್ಥೆಯ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ತಪ್ಪನ್ನು ತೆಗೆದುಹಾಕಿದ ಮೇಲೆ, ಭೂಮಿಯ ಮೇಲಿನ ಯಾವುದೇ ಬಿಂದುವನ್ನು ಗುರುತಿಸುವುದು ಸಾಮಾನ್ಯ ರೈತನ ಟ್ರಾಕ್ಟರಿಗೂ ಸಾಧ್ಯವಾಯಿತು. ಅಲ್ಲಿಂದ ಮುಂದೆ ಈ ವಿದ್ಯೆಯು ಬೆಳೆದ ವೇಗವು ಆಶ್ಚರ್ಯಕರವಾದದ್ದು.

ಕರ್ನಾಟಕದ ಕೃಷಿವಿದ್ಯೆಗೂ ಪರದೇಶಕ್ಕೂ ಕೊಡುಕೊಳ್ಳುವಿಕೆಯು ಹಳೆಯದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೊಟ್ಟಾಗ ಅಲ್ಲಿ ಪ್ರಯೋಗಗಳನ್ನು ಆರಂಭಿಸಿದವರು ಲೇಮನ್ ಎಂಬ ರಸಾಯನಶಾಸ್ತ್ರಜ್ಞರು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹುಟ್ಟಿದಾಗ ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯವು ಅದಕ್ಕೆ ಕೈಹಿಡಿಯಿತು. 2017ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೃಷಿ ಉನ್ನತ ಶಿಕ್ಷಣಕ್ಕಾಗಿ ಆರಂಭವಾದ ಯೋಜನೆಯಲ್ಲಿ ದೇಶದ ಅನೇಕ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಹೊರದೇಶಗಳಿಗೆ ಹೋಗಿಬಂದರು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿಯೇ ಈಗ ಒಂದು ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವಿದೆ. 2012ರಲ್ಲಿ ಸ್ಥಾಪಿತವಾದ ಅದು ಕೆಳದಿಯ ಶಿವಪ್ಪನಾಯಕನ ಹೆಸರನ್ನು ಹೊತ್ತಿದೆ.

ಕಾರ್ಗಲ್ಲಿನ ಸುತ್ತಿನ ಕಣಿವೆಯೊಂದರಿಂದ ಹೊರಟ ತರುಣನೊಬ್ಬನು ಇಂಥ ವಿನಿಮಯದ ಮೂಲಕ ಅಮೆರಿಕದ ಬಯಲುಸೀಮೆಗೆ ಹೋಗಿ, ಒಂದು ವರ್ಷ ಅಲ್ಲಿದ್ದು, ಮಣ್ಣನ್ನೂ ಎಲೆಯನ್ನೂ ಆಕಾಶದಿಂದ ಅಳೆಯುವ ವಿದ್ಯೆಯನ್ನು ಕಲಿತು ಹಿಂತಿರುಗಿದನೆಂದು ಇಟ್ಟುಕೊಳ್ಳಬಹುದು. ಅವನು ತಂದ ವಿದ್ಯೆಯು ನಿಖರವಾದದ್ದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಿಖರವಾದದ್ದೆಲ್ಲ ನ್ಯಾಯವಾದದ್ದೇ? ವಿನಿಮಯವೆಂಬ ಮಾತಿಗೆ ಕೊಟ್ಟು ತೆಗೆದುಕೊಳ್ಳುವುದು ಎಂದು ಅರ್ಥವಿರುವಾಗ, ಅವನು ಕೊಟ್ಟುಬಂದದ್ದು ಏನು, ಯಾರದ್ದನ್ನು? ಹಿರಿಯರ ನಗೆಯೊಳಗಿರುವ ಪ್ರಶ್ನೆಯು ಇದೇ.

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಅಳೆದು ಬೇಸಾಯ ಮಾಡುವುದು ಪಶ್ಚಿಮದವರಿಂದ ಬಂದ ಬುದ್ಧಿಯೆಂದೂ ಪೂರ್ವದವರು ಅಂದಾಜಿನಲ್ಲಿ ಬದುಕಿದವರೆಂದೂ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಇರುವಕ್ಕಿಯ ವಿದ್ಯಾಲಯವು ಯಾವನ ಹೆಸರನ್ನು ಧರಿಸಿದೆಯೋ ಆ ಶಿವಪ್ಪನಾಯಕನ ಕಥೆಯೇ ಇದಕ್ಕೆ ಉತ್ತರ. 1645ರಿಂದ 1660ರವರೆಗೆ ಆಳಿದ ಆ ಅರಸನು ಏರ್ಪಡಿಸಿದ ಭೂಕಂದಾಯದ ಕ್ರಮಕ್ಕೆ ‘ಶಿಸ್ತು’ ಎಂದು ಹೆಸರು. ಹಳೆಯ ಗ್ಯಾಸೆಟಿಯರುಗಳಲ್ಲಿ ಅದರ ವಿವರಣೆಯಿದೆ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಮಣ್ಣಿನ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಅರಮನೆಯ ಖರ್ಚಿನಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಇವುಗಳಿಗೆಲ್ಲ ಲೆಕ್ಕವಿಡಿಸಿ, ಅವುಗಳ ಸರಾಸರಿಯಿಂದ ಕಂದಾಯವನ್ನು ಗೊತ್ತುಮಾಡಿದನಂತೆ. ತೋಟಗಳನ್ನು ಅಳೆಯುವುದಕ್ಕೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವನ್ನೇ ಕೋಲಾಗಿ ಮಾಡಿಕೊಂಡನಂತೆ. ಆ ಕೋಲು ಸುಮಾರು ಹದಿನೆಂಟೂವರೆ ಅಡಿ.

ಈ ವೃತ್ತಾಂತದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅಳೆಯುವವನು ತಾನೇ ಬಿತ್ತಿದನು. ಮಳೆ ಕೆಟ್ಟ ವರ್ಷದ ನಷ್ಟ, ಆಳಿನ ಕೂಲಿ, ಹಂದಿಯ ಕಾಟ ಇವೆಲ್ಲವೂ ಅವನ ಲೆಕ್ಕದೊಳಗೇ ಬಂದವು. ಹನ್ನೆರಡು ವರ್ಷ ಕಾದುದರಿಂದ ಒಂದು ವರ್ಷದ ಸುಗ್ಗಿಯನ್ನು ನೋಡಿ ಮೋಸಹೋಗುವ ಪ್ರಸಂಗವು ಬರಲಿಲ್ಲ. ಎರಡನೆಯದಾಗಿ, ಅಳತೆಯ ಕೋಲು ಎಲ್ಲರ ಕಣ್ಣೆದುರಿಗೆ ಬಿದ್ದಿತ್ತು. ಅಮಲ್ದಾರನ ಕೋಲು ಉದ್ದವೋ ಗಿಡ್ಡವೋ ಎಂದು ಸಂಶಯಪಟ್ಟ ತೋಟದ ಒಡೆಯನು ಇಕ್ಕೇರಿಗೆ ಹೋಗಿ ದೇವರಿಗೆ ಕೈಮುಗಿದು ಮೆಟ್ಟಿಲಿಗೆ ಹಗ್ಗವನ್ನು ಹಿಡಿದು ನೋಡಬಹುದಾಗಿತ್ತು. ಕಂದಾಯಕ್ಕಾಗಿ ಅಳೆಯುವ ಅರಸನಲ್ಲಿ ಸ್ವಾರ್ಥವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ಆ ಸ್ವಾರ್ಥಕ್ಕೆ ಕಲ್ಲಿನ ಸಾಕ್ಷಿಯೊಂದಿತ್ತು.

ಅದೇ ತಾಲ್ಲೂಕಿನಲ್ಲಿ ಇನ್ನೊಂದು ಅಳತೆಯ ಕಥೆಯೂ ನಡೆಯಿತು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಮುಖ್ಯವಾಗಿ ಕೊಳಗದ ಕಾರಣದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಒಡೆಯರ ಕೊಳಗವು ನ್ಯಾಯವಾದ ಕೊಳಗಕ್ಕಿಂತ ದೊಡ್ಡದೆಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಮುಂದಾಳಾಗಿ ನಿಂತರು. ಸಮಾಜವಾದಿಗಳು ಬಂದು ಸೇರಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧಿತರಾದರು. ಆ ಕೊಳಗವು ನಿಖರವಾದ ಪಾತ್ರೆಯಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಅದು ಪ್ರತಿ ಸಲವೂ ಅಷ್ಟನ್ನೇ ಅಳೆಯುತ್ತಿತ್ತು. ಕೊಳಗವನ್ನು ಮಾಡಿಸಿದವನೂ ಹಿಡಿದವನೂ ಒಬ್ಬನೇ ಆಗಿದ್ದನು, ಅಳೆಸಿಕೊಂಡವನಿಗೆ ಅದರ ಒಳಹೊರಗನ್ನು ಕೇಳುವ ಅಧಿಕಾರವಿರಲಿಲ್ಲ ಎಂಬುದೇ ಅಲ್ಲಿಯ ಅನ್ಯಾಯ. ಇಕ್ಕೇರಿಯ ಮೆಟ್ಟಿಲೂ ಕಾಗೋಡಿನ ಕೊಳಗವೂ ಒಂದೇ ಸೀಮೆಯ ವಸ್ತುಗಳು. ಉಪಗ್ರಹದಿಂದ ಬರುವ ಹೊಸ ಅಳತೆಯು ಇವೆರಡರಲ್ಲಿ ಯಾವುದರ ಜಾತಿಗೆ ಸೇರುವುದೆಂದು ವಿಚಾರಿಸಿಯೇ ಅದನ್ನು ಮನೆಯೊಳಗೆ ಕರೆಯಬೇಕು.

ಪರದೇಶದ ವಿದ್ಯೆಯು ಮಲೆನಾಡಿಗೆ ಒಗ್ಗುವುದೇ ಇಲ್ಲವೆಂದು ಯಾರಾದರೂ ಹೇಳಿದರೆ ಅದಕ್ಕೆ ಪ್ರತ್ಯುತ್ತರವು ಪ್ರತಿ ಮಳೆಗಾಲದಲ್ಲಿಯೂ ಅಡಕೆ ಮರದ ತಲೆಯ ಮೇಲೆ ತಿಳಿನೀಲಿಯಾಗಿ ಕಾಣುತ್ತದೆ. ಬೋರ್ಡೋ ದ್ರಾವಣದ ಚರಿತ್ರೆಯು ಸ್ವಾರಸ್ಯವಾದದ್ದು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬೇರುಹೇನಿನ ಹಾವಳಿಯಾದಾಗ, ಅದನ್ನು ತಡೆಯಬಲ್ಲ ಬಳ್ಳಿಗಳನ್ನು ಅಮೆರಿಕದಿಂದ ತರಿಸಿದರು. ಅವುಗಳ ಜೊತೆಗೆ ಬೂಷ್ಟಿನ ಹೊಸ ರೋಗವೊಂದು ಬಂದು 1878ರಲ್ಲಿ ಕಾಣಿಸಿಕೊಂಡಿತು. ವಿನಿಮಯದಲ್ಲಿ ಮದ್ದು ಮಾತ್ರವಲ್ಲ, ಬೇನೆಯೂ ಹಡಗು ಹತ್ತುತ್ತದೆ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ಡೆ ಎಂಬ ಪಂಡಿತರು ಒಂದು ತೋಟದ ಪಕ್ಕದಲ್ಲಿ ಹೋಗುತ್ತಿರುವಾಗ, ದಾರಿಯ ಅಂಚಿನ ಬಳ್ಳಿಗಳು ಮಾತ್ರ ಹಸುರಾಗಿರುವುದನ್ನು ಕಂಡರು. ದಾರಿಹೋಕರು ಹಣ್ಣು ಕದಿಯದಂತೆ ವಿಷವೆಂದು ತೋರಲಿ ಎಂದು ತೋಟದವರು ಆ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಎರಚಿದ್ದರು. ಪಂಡಿತರ ಹಿರಿಮೆಯು ಇಲ್ಲಿದೆ: ಅವರು ತೋಟದವರನ್ನು ಕೇಳಿದರು. ಆ ತೋಟದ ಮೇಲ್ವಿಚಾರಕನನ್ನು ಜೊತೆಗಿಟ್ಟುಕೊಂಡು ಪ್ರಯೋಗ ಮಾಡಿ 1885ರಲ್ಲಿ ಫಲವನ್ನು ಪ್ರಕಟಿಸಿದರು. ಹಣ್ಣು ಕಾಯುವ ಉಪಾಯವು ಲೋಕದ ಔಷಧವಾಯಿತು.

ಇಪ್ಪತ್ತೈದು ವರ್ಷಗಳೊಳಗಾಗಿ ಆ ಔಷಧವು ಮಲೆನಾಡಿಗೆ ಬಂತು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಕೆನಡಾ ದೇಶದವರು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಓದಿದವರು. 1913ರಲ್ಲಿ ಕೃಷಿ ಇಲಾಖೆಯ ಮುಖ್ಯಸ್ಥರಾದರು. ಅಡಕೆಯ ಕೊಳೆರೋಗಕ್ಕೆ ದೇವರ ಕೋಪವೂ ಗಾಳಿಯ ದೋಷವೂ ಕಾರಣವಲ್ಲ, ಫೈಟಾಫ್ತೊರವೆಂಬ ಬೂಷ್ಟು ಕಾರಣವೆಂದು ತೋರಿಸಿ 1910ರಲ್ಲಿ ಅವರು ಬರೆದ ಪುಸ್ತಿಕೆಯು ಆ ವಿಷಯದಲ್ಲಿ ಮೂಲಗ್ರಂಥವಾಗಿದೆ. ದ್ರಾಕ್ಷಿಯ ಬೂಷ್ಟೂ ಅಡಕೆಯ ಬೂಷ್ಟೂ ಹತ್ತಿರದ ಜ್ಞಾತಿಗಳು. ಆದುದರಿಂದ ಒಂದರ ಮದ್ದು ಇನ್ನೊಂದಕ್ಕೂ ತಗುಲಿತು. ಆದರೆ ಹಾಗೆಯೇ ಎತ್ತಿ ತಂದದ್ದರಿಂದ ತಗುಲಲಿಲ್ಲ. ಬೋರ್ಡೋ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 900 ಮಿಲಿಮೀಟರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ 7000ಕ್ಕೂ ಮೇಲೆ. ಅಲ್ಲಿ ಎಲೆಯ ಮೇಲೆ ನಿಂತ ಔಷಧವು ಇಲ್ಲಿ ಒಂದು ಜಡಿಯಲ್ಲಿ ತೊಳೆದುಹೋಗುತ್ತದೆ. ಅದಕ್ಕೆಂದೇ ಇಲ್ಲಿಯವರು ಅದಕ್ಕೆ ರಾಳವನ್ನು ಸೇರಿಸುತ್ತಾರೆ. ಮಳೆ ಹಿಡಿಯುವುದಕ್ಕೆ ಮುಂಚೆ ಒಮ್ಮೆ, ನಡುವೆ ಬಿಸಿಲು ಬಿಟ್ಟಾಗ ಮತ್ತೊಮ್ಮೆ ಎಂದು ಹೊತ್ತನ್ನು ನೋಡಿ ಹೊಡೆಸುತ್ತಾರೆ. ಅದಕ್ಕೂ ಹಿಂದಿನಿಂದ ಮಲೆನಾಡಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ರೋಗವು ನೀರಿನಿಂದ ಹರಡುತ್ತದೆ ಎಂಬ ತಿಳಿವಳಿಕೆಯಿಲ್ಲದೆ ಕೊಟ್ಟೆಯ ಕಲ್ಪನೆಯು ಹುಟ್ಟುತ್ತಿರಲಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. 1876ರಲ್ಲಿ ಕುಕ್ ಎಂಬ ಆಂಗ್ಲ ಶಾಸ್ತ್ರಜ್ಞನು ಕಾಫಿ ಗಿಡದ ಬೂಷ್ಟೊಂದಕ್ಕೆ ಲ್ಯಾಟಿನ್ ಹೆಸರಿಡುವಾಗ ‘ಕೊಳೆರೋಗ’ ಎಂಬ ಕನ್ನಡ ಮಾತನ್ನೇ ಅದರಲ್ಲಿ ಸೇರಿಸಿದನು. ಲೋಕದ ಶಾಸ್ತ್ರಗ್ರಂಥಗಳಿಗೆ ಕನ್ನಡವು ಕೊಟ್ಟ ಪದಗಳನ್ನು ಎಣಿಸಹೊರಟರೆ ರೋಗದ ಹೆಸರೊಂದು ಮೊದಲು ಸಿಕ್ಕುವುದು ವಿಷಾದವೋ ವಿನೋದವೋ ವಾಚಕರೇ ಹೇಳಬೇಕು.

ಈಗ ಆ ಕಾರ್ಗಲ್ಲಿನ ತರುಣನ ಬಳಿಗೆ ಬರಬಹುದು. ಅವನು ವಿದ್ಯೆ ಕಲಿತ ದೇಶದಲ್ಲಿ ಒಬ್ಬ ರೈತನ ಸರಾಸರಿ ಹಿಡುವಳಿಯು 400 ಎಕರೆಗೆ ಮೇಲೆ. ಕರ್ನಾಟಕದಲ್ಲಿ 2015-16ರ ಕೃಷಿ ಗಣತಿಯಂತೆ ಅದು 1.36 ಹೆಕ್ಟೇರು, ಎಂದರೆ ಮೂರೂ ಕಾಲು ಎಕರೆಗೆ ಹತ್ತಿರ. ಯೂರೋಪಿನವರು ಎಲ್ಲರಿಗೂ ಉಚಿತವಾಗಿ ಕೊಡುವ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಹತ್ತು ಮೀಟರು ಚೌಕದ ನೆಲ. ಮೆಕ್ಕೆಜೋಳದ ನೂರಾರು ಎಕರೆ ಬಯಲಿನಲ್ಲಿ ಇದು ಬಹು ಸೂಕ್ಷ್ಮವಾದ ಅಳತೆ. ಒಂಬತ್ತು ಅಡಿಗೊಂದರಂತೆ ಮರವಿರುವ ಅಡಕೆ ತೋಟದಲ್ಲಿ ಅದೇ ಚುಕ್ಕೆಯೊಳಗೆ ಹದಿಮೂರು ಮರಗಳು ಅಡಗುತ್ತವೆ. ಅವುಗಳ ಕೆಳಗಿನ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇವೆಲ್ಲವೂ ಒಂದೇ ಹಸುರಾಗಿ ಕಲೆತುಹೋಗುತ್ತವೆ. ಆಕಾಶದಿಂದ ಕಾಣುವುದು ಮರದ ಮಂಡೆ. ಕೊಳೆ ಹಿಡಿಯುವುದು ಮಂಡೆಯ ಕೆಳಗೆ, ಸೋಗೆಯ ಮರೆಯಲ್ಲಿ ತೂಗುವ ಕೊನೆಗೆ. ಅದು ಹಿಡಿಯುವ ಕಾಲವೂ ಆಷಾಢ ಶ್ರಾವಣಗಳು. ಆಗ ಶರಾವತಿಯ ಕಣಿವೆಯ ಮೇಲೆ ವಾರಗಟ್ಟಲೆ ಮೋಡವು ಕದಲುವುದಿಲ್ಲ, ಬೆಳಕಿನಿಂದ ನೋಡುವ ಉಪಗ್ರಹಕ್ಕೆ ಮೋಡದ ಬೆನ್ನಲ್ಲದೆ ಬೇರೇನೂ ಕಾಣುವುದಿಲ್ಲ. ಮೋಡವನ್ನು ಭೇದಿಸುವ ರೇಡಾರಿನ ಉಪಗ್ರಹಗಳೂ ಇವೆ. ಅವು ತೇವವನ್ನೂ ಆಕಾರವನ್ನೂ ಹೇಳಬಲ್ಲವೇ ಹೊರತು, ಯಾವ ಕೊನೆಯ ಯಾವ ಕಾಯಿಯ ತೊಟ್ಟಿನಲ್ಲಿ ಕೊಳೆಯು ಮೊದಲಾಗಿದೆ ಎಂದು ಹೇಳಲಾರವು.

ಇದರಿಂದ ಶಾಸ್ತ್ರವೇ ಸುಳ್ಳೆಂದು ಸಿದ್ಧವಾಗುವುದಿಲ್ಲ. ಅದು ಬಯಲಿನ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಾಗಿ ಬೆಳೆದದ್ದು ಎಂಬಷ್ಟು ಮಾತ್ರ ಸಿದ್ಧವಾಗುತ್ತದೆ. ಕೆಲವು ವರ್ಷಗಳಿಂದ ತೀರ್ಥಹಳ್ಳಿ, ಹೊಸನಗರ, ಸಾಗರಗಳ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕೆ ರೋಗದ ವಿಷಯದಲ್ಲಿ ನೋಡಿದರೆ, ಅದು ಸೋಗೆಗೇ ಬರುವ ಬೇನೆಯಾದುದರಿಂದ ಆಕಾಶದ ಕಣ್ಣು ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದೀತು. ಯಾವ ಕಣಿವೆಯಿಂದ ಯಾವ ಕಣಿವೆಗೆ ಅದು ನಡೆಯುತ್ತಿದೆ ಎಂಬುದನ್ನು ಒಬ್ಬೊಬ್ಬ ರೈತನು ತನ್ನ ಬೇಲಿಯೊಳಗೆ ನಿಂತು ತಿಳಿಯಲಾರನು. ಇಲ್ಲಿ ತರುಣನು ಕಲಿತು ಬಂದದ್ದನ್ನು ಬೇಡವೆನ್ನುವುದು ಮೂಢತನ.

ಬೇಡವೆನ್ನಲಾರದಿರುವುದಕ್ಕೆ ಇನ್ನೂ ಗುರುತರವಾದ ಕಾರಣವಿದೆ. ತೋಟದ ಒಡೆಯನೇ ಬೇರೆ, ಮರ ಹತ್ತುವವನೇ ಬೇರೆ. ಹಾವಸೆ ಕಟ್ಟಿದ ಐವತ್ತು ಅಡಿಯ ಮರವನ್ನು ಮಳೆ ಬಿಟ್ಟ ಅರೆಗಳಿಗೆಯಲ್ಲಿ ಏರಿ, ಔಷಧದ ಕೊಳವೆಯನ್ನು ಹಿಡಿದು, ಒಂದು ಮರದ ತಲೆಯಿಂದ ಇನ್ನೊಂದನ್ನು ಎಳೆದುಕೊಂಡು ದಾಟುವ ಕೊನೆಗಾರನ ಕೆಲಸವನ್ನು ಕೆಳಗಿನಿಂದ ನೋಡಿದವರ ಎದೆಯೂ ಒಮ್ಮೆ ನಡುಗುತ್ತದೆ. ಬಿದ್ದು ಸತ್ತವರಿದ್ದಾರೆ, ಬಿದ್ದು ಬದುಕಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದವರಿದ್ದಾರೆ. ಅಡಕೆಯ ಬೆಲೆಯನ್ನು ಕುರಿತು ವಿದ್ಯಾವಂತರ ಮನೆಗಳಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ನಡೆಯುವ ಮಾತಿನಲ್ಲಿ ಈ ಬೆಲೆಯು ಸೇರಿರುವುದಿಲ್ಲ. ಕಾರ್ಬನ್ ಫೈಬರಿನ ಉದ್ದನೆಯ ದೋಟಿಯಿಂದ ನೆಲದ ಮೇಲೆ ನಿಂತೇ ಔಷಧ ಹೊಡೆಯುವ ಕ್ರಮವು ಈಗ ಬಂದಿದೆ; ಡ್ರೋನ್ ಎಂಬ ಹಾರುವ ಯಂತ್ರದಿಂದಲೂ ಹೊಡೆದು ನೋಡುತ್ತಿದ್ದಾರೆ. ಒಬ್ಬ ಮನುಷ್ಯನ ಬೆನ್ನುಮೂಳೆಯನ್ನು ಉಳಿಸುವ ಯಂತ್ರವು ಯಾವ ದೇಶದಿಂದ ಬಂದರೂ ಅದಕ್ಕೆ ಬಾಗಿಲು ತೆರೆಯಬೇಕು.

ಹಾಗಾದರೆ ಕೊನೆಗಾರನಿಗೆ ನ್ಯಾಯ ದೊರಕಿತೇ? ಅವನ ಪ್ರಾಣವು ಉಳಿಯಿತು; ಅವನ ಕೂಲಿಯು ಹೋಯಿತು. ಯಂತ್ರವನ್ನು ಕೊಂಡವನು ಒಡೆಯನು. ಯಂತ್ರ ನಡೆಸುವುದನ್ನು ಕಲಿತವನು ಪೇಟೆಯ ಹುಡುಗನು. ಇನ್ನೊಂದು ನಷ್ಟವು ಒಡೆಯನಿಗೂ ಆಗುತ್ತದೆ, ಆದರೆ ಅದು ಬೇಗನೆ ಅವನ ಅರಿವಿಗೆ ಬಾರದು. ಕೊನೆಯನ್ನು ಕೈಯಳತೆಯಲ್ಲಿ ನೋಡುವವನು ಇಡೀ ತೋಟದಲ್ಲಿ ಕೊನೆಗಾರನೊಬ್ಬನೇ. ಆ ಮೂಲೆಯ ಮೂರು ಮರದಲ್ಲಿ ಕೊಳೆ ಸುರುವಾಗಿದೆ ಒಡೆಯಾ ಎಂದು ಅವನು ಮೇಲಿನಿಂದ ಕೂಗಿ ಹೇಳುವ ಮಾತಿಗಿಂತ ನಿಖರವಾದ ಕೃಷಿಯನ್ನು ಮಿನೆಸೋಟದವರೂ ಕಂಡಿಲ್ಲ. ಅವನು ಮರವಿಳಿದ ದಿನ ಆ ಕಣ್ಣೂ ಇಳಿಯುತ್ತದೆ. ಆ ಅರಿವನ್ನು ಮೊದಲು ಕೇಳಿ ಬರೆದಿಟ್ಟುಕೊಂಡು, ದೋಟಿಯನ್ನಾಗಲಿ ಡ್ರೋನನ್ನಾಗಲಿ ನಡೆಸುವ ಶಿಕ್ಷಣವನ್ನು ಮೊದಲು ಅವನಿಗೇ ಅಥವಾ ಅವನ ಮಕ್ಕಳಿಗೇ ಕೊಡುವುದು ಔದಾರ್ಯದ ಕೆಲಸವೆಂದು ಯಾರೂ ಭಾವಿಸಬೇಕಾಗಿಲ್ಲ. ಅದು ಋಣದ ತೀರುವಳಿ.

ಅಳತೆಯ ಫಲವು ಯಾರ ಸ್ವತ್ತು ಎಂಬುದೂ ಇದೇ ಪ್ರಶ್ನೆಯ ಇನ್ನೊಂದು ಮುಖ. ತೋಟದ ಮಣ್ಣಿನ ಸಾರವೆಷ್ಟು, ಫಸಲೆಷ್ಟು, ರೋಗವೆಷ್ಟು ಎಂಬ ಲೆಕ್ಕವು ದೂರದ ಯಂತ್ರಗಳಲ್ಲಿ ಕೂಡಿಬೀಳುತ್ತದೆ. ಅದನ್ನು ಬಲ್ಲ ವ್ಯಾಪಾರಿಯು ಬೆಲೆಯನ್ನು ಮೊದಲೇ ಎಣಿಸಬಲ್ಲನು. ಬಲ್ಲ ಬ್ಯಾಂಕು ಸಾಲವನ್ನು ನಿರಾಕರಿಸಬಲ್ಲದು. ಅಮೆರಿಕದ ರೈತರೇ ಈ ಭಯದಿಂದ ಎಚ್ಚೆತ್ತು, 2014ರಲ್ಲಿ ಅಲ್ಲಿನ ಫಾರ್ಮ್ ಬ್ಯೂರೋ ಎಂಬ ರೈತಸಂಸ್ಥೆಯೂ ಯಂತ್ರ ಮತ್ತು ಬೀಜದ ಕೆಲವು ಕಂಪೆನಿಗಳೂ ಸೇರಿ, ಹೊಲದಲ್ಲಿ ಹುಟ್ಟಿದ ಮಾಹಿತಿಯು ಹೊಲದವನ ಸ್ವತ್ತು ಎಂಬ ಒಡಂಬಡಿಕೆಯನ್ನು ಮಾಡಿಕೊಂಡರು. ಅದು ಕಾನೂನಲ್ಲ, ಮನಸ್ಸಿದ್ದವರು ಪಾಲಿಸುವ ಮಾತು. ನಾಲ್ಕು ನೂರು ಎಕರೆಯ ಒಡೆಯನಿಗೇ ಈ ಗತಿಯಾದರೆ ಮೂರು ಎಕರೆಯವನ ಪರವಾಗಿ ಒಡಂಬಡಿಕೆಗೆ ಕೂರುವವರು ಯಾರು? ಹೊರದೇಶದ ವಿದ್ಯಾಲಯಕ್ಕೆ ತನ್ನೂರಿನ ಐವತ್ತು ತೋಟಗಳ ಲೆಕ್ಕವನ್ನು ಒಯ್ಯುವ ವಿದ್ಯಾರ್ಥಿಯು ಆ ಐವತ್ತು ಮನೆಗಳ ಅನುಮತಿಯನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಕೇಳಿದ್ದಾನೆಯೇ? ಕಾಗೋಡಿನ ಕೊಳಗವಾದರೂ ಕಣ್ಣಿಗೆ ಕಾಣುತ್ತಿತ್ತು, ಹಿಡಿದು ತೋರಿಸಬಹುದಾಗಿತ್ತು.

ಕಾರ್ಗಲ್ಲಿನವರಿಗೆ ಈ ವಿಚಾರವು ಬರಿಯ ತರ್ಕವಾಗಿ ತೋರಲಾರದು. ಊರಿನ ಮಗ್ಗುಲಲ್ಲಿಯೇ ಲಿಂಗನಮಕ್ಕಿಯ ಅಣೆಕಟ್ಟು ನಿಂತಿದೆ. 1964ರಲ್ಲಿ ಮುಗಿದ ಅದರ ನೀರಿನ ಗರಿಷ್ಠ ಮಟ್ಟವು 1819 ಅಡಿ. ಇಂಜಿನಿಯರುಗಳು ಆ ಗೆರೆಯನ್ನು ಬೆಟ್ಟಗುಡ್ಡಗಳ ಸುತ್ತ ಬಹು ಎಚ್ಚರದಿಂದ ಎಳೆದರು. ಗೆರೆಯ ಕೆಳಗೆ ಬಿದ್ದ ಗದ್ದೆ, ತೋಟ, ಮನೆ, ಗುಡಿಗಳು ಸುಮಾರು 300 ಚದರ ಕಿಲೋಮೀಟರು ನೀರಿನಡಿ ಹೋದವು. ಸಾಗರ ಹೊಸನಗರಗಳ ಸಾವಿರಾರು ಕುಟುಂಬಗಳು ಎದ್ದು ಬೇರೆ ಬೇರೆ ಕಡೆಗೆ ಹೋದವು. ಅನೇಕರಿಗೆ ಕಾಡನ್ನು ಕಡಿದು ನೆಲವನ್ನು ತೋರಿಸಿದರು. ನೀರಿನ ಮಟ್ಟವನ್ನು ಅಂಗುಲ ತಪ್ಪದೆ ಅಳೆದ ಕಾಲವು, ಎದ್ದುಹೋದವರ ಹೊಸ ನೆಲದ ಪತ್ರವನ್ನು ಮಾತ್ರ ಅಂದಾಜಿನಲ್ಲಿ ಬಿಟ್ಟಿತು. ಆ ನೆಲವು ಕಡತದಲ್ಲಿ ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣೆಯ ಕಾಯಿದೆಯು ಬಂದ ಮೇಲೆ ಅದನ್ನು ಕಾಡಲ್ಲವೆನ್ನುವುದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆಯು ಅವಶ್ಯಕವಾಯಿತು. ಅದಿಲ್ಲದೆ ರಾಜ್ಯ ಸರ್ಕಾರವು ಹೊರಡಿಸಿದ ಆಜ್ಞೆಗಳನ್ನು 2021ರಲ್ಲಿ ಹೈಕೋರ್ಟು ರದ್ದುಮಾಡಿತು.

ಅಂಥ ಒಬ್ಬ ಸಂತ್ರಸ್ತನ ಮೊಮ್ಮಗನ ತೋಟಕ್ಕೆ ಆಕಾಶದ ಅಳತೆಯು ಬರುತ್ತದೆ. ಅವನ ಮರಗಳ ಸಂಖ್ಯೆ, ಹಸುರಿನ ಸಾಂದ್ರತೆ, ಗಡಿಯ ನಾಲ್ಕು ಮೂಲೆಗಳು ಎಲ್ಲವೂ ಚಿತ್ರದಲ್ಲಿ ಸರಿಯಾಗಿ ಬೀಳುತ್ತವೆ. ಅದನ್ನು ಅರಣ್ಯದ ನಕ್ಷೆಯ ಮೇಲೆ ಇಟ್ಟರೆ ಚಿತ್ರವು ಹೇಳುವುದು ಇಷ್ಟೇ: ಇಂಥ ಕಾಡಿನ ಇಷ್ಟು ಗುಂಟೆಯಲ್ಲಿ ಒತ್ತುವರಿಯಿದೆ. ಒಂದು ಅಂಕಿಯೂ ತಪ್ಪಿಲ್ಲ. ಆದರೆ ಇವನ ಅಜ್ಜನ ತೋಟವು 1819 ಅಡಿಯ ಕೆಳಗಿದೆ, ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ದೀಪಗಳನ್ನು ಬೆಳಗಿತು ಎಂಬ ಸಂಗತಿಯನ್ನು ಉಪಗ್ರಹವು ನೋಡಲಾರದು. ಹೀಗಾಗಿ ಯಂತ್ರವು ನಿಜವನ್ನೇ ಹೇಳುತ್ತ ಅನ್ಯಾಯಕ್ಕೆ ಸಾಕ್ಷಿಯಾಗುತ್ತದೆ. ಕಾಡನ್ನು ಉಳಿಸಬೇಕೆಂಬುದು ನ್ಯಾಯವಾದ ಮಾತೇ. ಹೊಸದಾಗಿ ದುರಾಸೆಯಿಂದ ಕಾಡನ್ನು ನುಂಗುವವರೂ ಇದ್ದಾರೆ, ಅವರನ್ನು ಹಿಡಿಯುವುದಕ್ಕೆ ಇದೇ ಚಿತ್ರವು ಬೇಕು. ದುರಾಸೆಯವನನ್ನೂ ನಿರಾಶ್ರಿತನನ್ನೂ ಬೇರೆ ಮಾಡಿ ತೋರಿಸುವ ಗೆರೆಯು ಆ ಚಿತ್ರದೊಳಗಿಲ್ಲ. ಅದನ್ನು ತುಂಬಬಲ್ಲವನು ಎರಡೂ ಕಡೆಯನ್ನು ಬಲ್ಲವನು, ಎಂದರೆ ಅಳೆಯುವ ವಿದ್ಯೆಯನ್ನು ಕಲಿತು ಅದೇ ಕಣಿವೆಗೆ ಹಿಂತಿರುಗಿದ ತರುಣನು. ಅವನು ಸುಮ್ಮನಿದ್ದರೆ ಚಿತ್ರವು ತಾನಾಗಿಯೇ ತೀರ್ಪಾಗಿಬಿಡುತ್ತದೆ.

ವಿದ್ಯಾರ್ಥಿಯ ಮೇಲೆ ಇಷ್ಟು ಭಾರವನ್ನು ಹೊರಿಸುವುದು ಸರಿಯೇ, ಅವನು ಹೋದದ್ದು ಪದವಿಗಾಗಿ ಎಂದು ಕೆಲವರು ಹೇಳಬಹುದು. ಶಾಸ್ತ್ರಜ್ಞನ ಕೆಲಸವು ಸತ್ಯವನ್ನು ಹೇಳುವುದು, ಅದರ ಉಪಯೋಗವನ್ನು ರಾಜ್ಯದವರು ನೋಡಿಕೊಳ್ಳಲಿ ಎಂಬುದೂ ಒಂದು ಪಕ್ಷ. ಆ ಪಕ್ಷಕ್ಕೆ ಬಲವಿಲ್ಲದಿಲ್ಲ. ಶಾಸ್ತ್ರಜ್ಞನು ಪಕ್ಷಪಾತಿಯಾದರೆ ಅವನ ಅಂಕಿಯನ್ನು ನಂಬುವವರಾರು? ಆದರೆ ಏನನ್ನು ಅಳೆಯಬೇಕು ಎಂಬ ಆಯ್ಕೆಯು ಅಳೆಯುವುದಕ್ಕೆ ಮೊದಲೇ ನಡೆದಿರುತ್ತದೆ, ಆ ಆಯ್ಕೆಯಲ್ಲಿ ಪಕ್ಷವು ಆಗಲೇ ಸೇರಿರುತ್ತದೆ. ತೋಟವನ್ನು ಅಳೆದು ಸೊಪ್ಪಿನ ಬೆಟ್ಟವನ್ನು ಬಿಟ್ಟರೆ, ತೋಟದ ಸಾರವು ಎಲ್ಲಿಂದ ಬಂತೆಂಬುದೇ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಬೇಲಿಯೊಳಗಿನ ಬೆಳೆಯನ್ನು ಮಾತ್ರ ನೋಡುವುದು ಮೆಕ್ಕೆಜೋಳದ ಬಯಲಿನಲ್ಲಿ ಸಾಕಾದೀತು. ಬೆಟ್ಟದ ಸೊಪ್ಪು, ಕೊಟ್ಟಿಗೆಯ ಗೊಬ್ಬರ, ಕಾಲುವೆಯ ನೀರು ಇವುಗಳಿಂದ ಬದುಕುವ ಮಲೆನಾಡಿನ ತೋಟಕ್ಕೆ ಸಾಲದು. ಈ ಪ್ರಶ್ನೆಯನ್ನು ಅಮೆರಿಕದ ಗುರುವಿನ ಮುಂದೆ ಇಡುವುದೇ ತರುಣನು ಕೊಡಬಹುದಾದ ಕಾಣಿಕೆ. ಹಲವು ಅಂತಸ್ತಿನ ತೋಟವನ್ನು, ಮೋಡ ಮುಚ್ಚಿದ ಕಣಿವೆಯನ್ನು, ಬೇಲಿಯಾಚೆಯ ಬೆಟ್ಟವನ್ನು ಅಳೆಯುವ ಬಗೆಯನ್ನು ಅವರು ಇನ್ನೂ ಚೆನ್ನಾಗಿ ಕಲಿತಿಲ್ಲ. 1889ರಲ್ಲಿ ಇಂಗ್ಲೆಂಡಿನಿಂದ ಬಂದ ವೋಲ್ಕರ್ ಎಂಬ ಕೃಷಿ ರಸಾಯನಜ್ಞನು ಭಾರತದ ರೈತನಿಗೆ ಬುದ್ಧಿ ಹೇಳಬಂದು, ಇಲ್ಲಿಯ ಒಳ್ಳೆಯ ರೈತನು ಇಂಗ್ಲೆಂಡಿನ ರೈತನಿಗೆ ಏನೂ ಕಡಿಮೆಯಲ್ಲವೆಂದು ತನ್ನ ವರದಿಯಲ್ಲಿ ಬರೆದನು. ಕೊಡಹೊರಟವನು ತೆಗೆದುಕೊಂಡು ಹೋದ ಉದಾಹರಣೆಯಿದು.

ಬೋರ್ಡೋ ದ್ರಾವಣವನ್ನು ತಯಾರಿಸುವಾಗ ತೋಟದ ಮನೆಗಳಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಲೆಕ್ಕ. ಆದರೆ ಸುಣ್ಣವು ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಆದುದರಿಂದ ಬೆರೆಸಿದ ಮೇಲೆ ಉಜ್ಜಿ ಬೆಳಗಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಮದ್ದು ಇನ್ನೂ ಖಾರವಾಗಿದೆ, ಎಳೆಗಾಯಿಯನ್ನು ಸುಟ್ಟೀತು. ಇನ್ನಷ್ಟು ಸುಣ್ಣದ ನೀರನ್ನು ಹೊಯ್ಯುತ್ತಾರೆ. ಶಾಲೆಗೆ ಹೋಗುವ ಹುಡುಗಿಯೂ ಈ ಪರೀಕ್ಷೆಯನ್ನು ಮಾಡಬಲ್ಲಳು. ಕೂಲಿಯವನೂ ಮಾಡಿ, ಒಡೆಯನ ತೂಕವು ತಪ್ಪಿದೆಯೆಂದು ಹೇಳಬಲ್ಲನು. ಆಕಾಶದಿಂದ ಬರುವ ಅಂಕಿಗಳನ್ನು ತೋಟದಲ್ಲಿ ನಿಂತು ಪರೀಕ್ಷಿಸುವುದಕ್ಕೆ ಅಂಥ ಚಾಕುವನ್ನು ಯಾರೂ ಇನ್ನೂ ಮಾಡಿಕೊಟ್ಟಿಲ್ಲ. ಬಯಲುಸೀಮೆಯ ದೊಡ್ಡ ವಿದ್ಯಾಲಯಗಳಲ್ಲಿ ಅದರ ಅವಸರವು ಯಾರಿಗೂ ಬಿದ್ದಿಲ್ಲ. ಇರುವಕ್ಕಿಯಿಂದ ಕಾರ್ಗಲ್ಲಿಗೆ ಹೋಗುವ ದಾರಿಯಲ್ಲಾದರೋ ಅದು ಬೇಕಾದ ತೋಟಗಳು ಎರಡು ಬದಿಗೂ ಇವೆ.